ಎರಡನೇ ಬಂಗುಡೆ

ತೆಂಕಕೋಡಿ ದಡ,
ಸೋಣೆ ತಿಂಗಳ ಐವತ್ತೆರಡನೇ ದಿನ. ನಿಮ್ಮ ಲೆಕ್ಕಕ್ಕೆ ಇಸವಿ ಎರಡು ಸಾವಿರದ ನೂರ ಎಂಬತ್ತೇಳು.

ಗೆಳೆಯರನ್ನು ಕಟ್ಟಿಕೊಂಡು, ದೋಣಿ ಮಾಡಿಕೊಂಡು ಕಡಲಿಗೆ ಮೀನು ಹಿಡಿಯಲು ಹೋಗುವ ಹಿಂದಿನ ಕಾಲದವರಿಗೆ, ಗುಲಾಬಿ ಮಾಡುವ ನಮಸ್ಕಾರ.

ತಿಂಗಳಿಗೆ ಐವತ್ತೆರಡು ದಿನವೇ ಎಂದು ನಗಬೇಡಿ. ಮಳೆ ಬಿಡುವ ತನಕ ನಾವು ಸೋಣೆಯನ್ನು ಮುಗಿಸುವುದಿಲ್ಲ, ಮಳೆಗೂ ಬಿಡುವ ಅಂದಾಜಿಲ್ಲ. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಶಬ್ದ ಬಂದರೆ ಕ್ಷಮಿಸಿ. ನಾನು ಮೂರನೇ ಕ್ಲಾಸಿನವರೆಗೆ ಹೋದವಳು. ಶಾಲೆ ಮುಳುಗಿತು, ವಿದ್ಯೆಯೂ ಅಲ್ಲಿಗೆ ನಿಂತಿತು. ಹಿಂಟಪಾಲಿನಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಟಪಾಲಿನಲ್ಲಿ, ಒಂದು ಮನೆಗೆ ಒಂದೇ ಕಾಗದ. ಜನ ಅದನ್ನು ಸತ್ತ ಅಜ್ಜಂದಿರ ಕ್ಷೇಮ ಕೇಳಲು ಖರ್ಚು ಮಾಡುತ್ತಾರೆ. ನಾನು ನಿಮ್ಮ ಹತ್ತಿರ ಬೇಡಲು ಕೂತಿದ್ದೇನೆ. ಬೇಡಿ ಅಭ್ಯಾಸವಿಲ್ಲ, ಬೈದೇ ಅಭ್ಯಾಸ. ಎರಡೂ ಕಲಸಿಹೋದರೆ ಸಹಿಸಿಕೊಳ್ಳಿ.

ನಿಮ್ಮ ಹೆದ್ದಾರಿಯ ಮೇಲೆ ಈಗ ಕಡಲಿದೆ. ಮೇಲ್ಸೇತುವೆಯ ಕಂಬಗಳಿಗೆ ನಾವು ದೋಣಿ ಕಟ್ಟುತ್ತೇವೆ. ಮನೆಗಳು ಗುಡ್ಡದ ಓರೆಯಲ್ಲಿ, ಒಂದರ ಮಾಡಿನ ಮಟ್ಟಕ್ಕೆ ಇನ್ನೊಂದರ ಅಂಗಳ. ಮೇಲಿನ ಮನೆಯವಳು ಪಾತ್ರೆ ತೊಳೆದ ನೀರೆಲ್ಲ ನನ್ನ ತಲೆಗೇ. ತಿನ್ನುವುದು ಅಚ್ಚುಮೀನು. ಕಾರ್ಖಾನೆಯಲ್ಲಿ ಹಿಟ್ಟು ಕಲಸಿ, ಮೀನಿನ ಅಚ್ಚಿಗೆ ಒತ್ತಿ ಕಳಿಸುತ್ತಾರೆ. ಕಣ್ಣಿನ ಜಾಗದಲ್ಲಿ ಒಂದು ಕರಿ ಚುಕ್ಕೆ ಇಡುವಷ್ಟು ಮರ್ಯಾದೆ ಉಂಟು, ಮುಳ್ಳಿಲ್ಲ. ನನ್ನ ಮೊಮ್ಮಕ್ಕಳಿಗೆ ಮುಳ್ಳು ಬಿಡಿಸಿ ತಿನ್ನಲು ಬರುವುದಿಲ್ಲ. ಆದರೂ ನಾನು ಬಿಡದೆ ಮೆಣಸು, ಹುಳಿ, ಕಾಯಿ ಅರೆದು ಸಾರು ಮಾಡುತ್ತೇನೆ. ಸಾರಿಗೆ ಗೊತ್ತು ತನ್ನೊಳಗೆ ಮೀನಿಲ್ಲವೆಂದು.

ದಡದಲ್ಲಿ ಇರುವುದಕ್ಕೂ ಈಗ ಅಪ್ಪಣೆ ಬೇಕು. ಕಡಲ್‌ಕಚೇರಿ ಎಂಬುದೊಂದಿದೆ. ವರ್ಷಕ್ಕೊಂದು ದಿನ ಅವರದು ಜೀವತನಿಖೆ. ಆ ದಿನ ಪ್ರತಿ ದಡದಿಂದ ಮೂವರು ಗಾಳ ಹಿಡಿದು ಹೋಗಿ, ತಮ್ಮದೇ ನೀರಿನಲ್ಲಿ ಒಂದಾದರೂ ಮೀನು ಹಿಡಿದು, ಬಾನಿಯಲ್ಲಿ ಜೀವಂತ ತಂದು ತೋರಿಸಬೇಕು. ತಂದರೆ ಇನ್ನೊಂದು ವರ್ಷ ಇರಬಹುದು. ಇಲ್ಲದಿದ್ದರೆ ದಡ ರದ್ದು, ಜನರನ್ನೆಲ್ಲ ಲಾರಿ ಹತ್ತಿಸಿ ಘಟ್ಟದ ಮೇಲಿನ ಬ್ಲಾಕುಗಳಿಗೆ ಒಯ್ಯುತ್ತಾರೆ. ಒಂದು ದಡದವರನ್ನು ಒಂದು ಕಡೆ ಇಡುವುದಿಲ್ಲ; ಒಟ್ಟಿಗಿದ್ದರೆ ಓಡಿ ಬಂದು ಮತ್ತೆ ಕಡಲ ಬದಿ ಕೂರುತ್ತೇವೆಂಬ ಹೆದರಿಕೆ ಅವರಿಗೆ. ಬಡಗಿನ ದಡದ ಸೀತುವನ್ನು ಹಾಗೆಯೇ ಸೊಸೆಯಿಂದ ಬೇರೆ ಮಾಡಿದರು. ಮೊದಲ ವಾರ ಅವಳಿಗೆ ಖುಷಿಯೋ ಖುಷಿ. ಈಗ ಸೊಸೆಯ ಹೆಸರು ಹಿಡಿದು ಗೋಡೆಯ ಹತ್ತಿರ ಜಗಳ ಮಾಡುತ್ತಾಳಂತೆ.

ನಮ್ಮ ದಡಕ್ಕೆ ಮೊದಲ ತನಿಖೆ ಇವತ್ತಿತ್ತು. ಹೋದವರು ನಾನು, ಲಚ್ಚು, ಬೇಬಿ. ಒಂದೇ ಮರಳಿನಲ್ಲಿ ಬಿದ್ದೆದ್ದು ಬೆಳೆದವರು. ಬೇಬಿಗೆ ಎಪ್ಪತ್ತು ದಾಟಿದರೂ ಬೇಬಿಯೇ. ಜೀವ ಇರುವ ಮೀನನ್ನು ಕೈಯಲ್ಲಿ ಹಿಡಿದು ಗೊತ್ತಿರುವವರು ಊರಿನಲ್ಲಿ ನಾವು ಮೂವರೇ, ಅದಕ್ಕೇ ಮುದುಕಿಯರ ದಂಡು. ಬಿಸಿಲ್‌ದೋಣಿ ಬಿಸಿಲಿದ್ದರೆ ತಾನಾಗಿ ಓಡುತ್ತದೆ, ಮೋಡ ಬಂದರೆ ಮಲಗುತ್ತದೆ. ಇವತ್ತು ಮಲಗಿತ್ತು, ಹುಟ್ಟು ಹಾಕಿದವಳು ಬೇಬಿ. ಮೇಲ್ಸೇತುವೆಯ ಕಂಬದ ತುದಿಯಲ್ಲಿ ಸಾಕ್ಷಿಕಣ್ಣು, ಅಂದರೆ ಕಚೇರಿಯವರು ಕೂತಲ್ಲಿಂದಲೇ ನಮ್ಮನ್ನು ನೋಡುವ ಯಂತ್ರ. ನಾನು ಅದರ ಕಡೆ ಮುಖ ಎತ್ತಿದೆ.

"ಅದ್ರ್ ಬದಿ ಕಾಣ್ಬೇಡ ಹೆಣೆ," ಎಂದಳು ಬೇಬಿ. "ನಿನ್ ಮೋರೆ ಕಂಡ್ರೆ ಈಗ್ಳೇ ರದ್ದ್ ಮಾಡ್ತ್ರ್."

ನಕ್ಕೆವು. ಮಳೆಯಲ್ಲಿ ನೆನೆದ ಅವಲಕ್ಕಿ ತಿಂದೆವು, ಎಲೆ ಅಡಿಕೆ ಹಾಕಿದೆವು. ಹೆದರಿಕೆ ಇರಲಿಲ್ಲವೆಂದಲ್ಲ, ಮೂವರೂ ಒಟ್ಟಿಗೆ ಇದ್ದೆವಲ್ಲ.

ಮಧ್ಯಾಹ್ನ ಕಳೆದ ಮೇಲೆ ಲಚ್ಚುವಿನ ಹಗ್ಗ ಜಗ್ಗಿತು. ಬಂತು, ಬಂಗುಡೆ! ಹಸಿರು ಬೆನ್ನು, ಕರಿ ಗೀರು, ಹೊಟ್ಟೆ ತುಂಬ ಮೊಟ್ಟೆ. ಬೇಬಿ ಬಾನಿಗೆ ಕಡಲ ನೀರು ತುಂಬಿಸಿ ಮುಂದೆ ಹಿಡಿದಳು. ಲಚ್ಚು ಮೆಲ್ಲಗೆ ಗಾಳ ಬಿಡಿಸಿದಳು, ಮೀನನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು, "ಅಮ್ಮಾ, ನಿಂದ್ ನಿಂಗೆ" ಎಂದಳು, ಬಾನಿಯ ಮೇಲಿಂದ ಕೈ ದಾಟಿಸಿ ಕಡಲಿಗೆ ಬಿಟ್ಟಳು.

ಮೊದಲ ಮೀನು ಕಡಲಿನದು. ನಮ್ಮ ಕೇರಿಯಲ್ಲಿ ಯಾರ ಕೈಯೂ ಮೊದಲ ಮೀನನ್ನು ದೋಣಿಗೆ ಹಾಕಿದ್ದಿಲ್ಲ. ನಮ್ಮ ಅಮ್ಮಂದಿರ ಕಾಲದಲ್ಲಿ ಅದರಿಂದ ನಷ್ಟವೂ ಇರಲಿಲ್ಲ. ಒಂದನ್ನು ಬಿಟ್ಟು ತಲೆ ಎತ್ತುವುದರೊಳಗೆ ಎರಡನೆಯದು ಜಗ್ಗುತ್ತಿತ್ತು. ಕಾಲ ಕೆಟ್ಟದ್ದು ಲಚ್ಚುವಿನ ತಲೆಗೆ ಗೊತ್ತಿತ್ತು, ಕೈಗೆ ಯಾರೂ ಹೇಳಿರಲಿಲ್ಲ.

"ಲಚ್ಚೂ! ಎಂತ ಮಾಡ್ದೆ ನೀನ್?" ಬೇಬಿ ಚೀರಿದಳು.

"ಮೊದ್ಲಿಂದ್ ಅಲ್ದಾ..." ಲಚ್ಚು ತನ್ನ ಅಂಗೈ ನೋಡಿಕೊಂಡಳು. "ಕೈ ಬಿಟ್ಬಿಡ್ತ್ ಗುಲಾಬಿ. ನಾನ್ ಬಿಟ್ಟದ್ದಲ್ಲ."

"ಕೈ ನಿಂದಲ್ದಾ? ಪಕ್ಕದ್ ಮನೀದಾ?" ಎಂದೆ. ಆಮೇಲೆ ಅವಳು ಅಳುವುದನ್ನು ನೋಡಿ, "ಮರ್ಕ್ಬೇಡ ಮಾರಾಯ್ತಿ. ಗಾಳ ಹಾಕ್. ಎರಡ್ನೇದ್ ಬತ್ತ್" ಎಂದೆ.

ಬರಲಿಲ್ಲ. ಕತ್ತಲಾಗುವ ತನಕ ಮೂರು ಗಾಳ ಇಳಿಬಿಟ್ಟು ಕೂತೆವು. ಬೇಬಿ ದೇವರಿಗೆ ಹೇಳಿಕೊಂಡಳು, ನಾನು ದೇವರನ್ನು ಬೈದೆ. ಎರಡಕ್ಕೂ ಹಗ್ಗ ಅಲುಗಲಿಲ್ಲ. ಸಾಕ್ಷಿಕಣ್ಣು ಮೀನನ್ನು ಕಂಡಿತ್ತು, ಆದರೆ ಕಾನೂನಿಗೆ ಬೇಕಾದದ್ದು ಬಾನಿಯಲ್ಲಿರುವ ಮೀನು. ದಡ ಮುಟ್ಟಿದ ಕೂಡಲೇ ಅದು ಮೂರು ಸಲ ಕೂಗಿತು. ರದ್ದು. ಲಾರಿ ನಾಳೆ ಮಧ್ಯಾಹ್ನ.

ಊರಿನವರು ನಮ್ಮನ್ನು ಹರಿದು ತಿನ್ನಬೇಕಿತ್ತು. ಲಚ್ಚು ಆದದ್ದನ್ನೆಲ್ಲ ಹೇಳಿದಳು. ಆಗ ನನ್ನ ಮೊಮ್ಮಗಳು ಮಲ್ಲಿ ಅವಳ ಹತ್ತಿರ ಬಂದು, "ಅಜ್ಜಿ, ಅದ್ರ್ ವಾಸ್ನಿ ಹ್ಯಾಂಗಿತ್ತ್?" ಎಂದು ಕೇಳಿದಳು. ಲಚ್ಚು ಅಂಗೈ ಚಾಚಿದಳು. ಮಲ್ಲಿ ಮೂಸಿದಳು. ಆಮೇಲೆ ಉಳಿದ ಮಕ್ಕಳು, ಅವರ ತಾಯಂದಿರು, ಎಲ್ಲರೂ ಸಾಲು ನಿಂತು ಆ ಕೈ ಮೂಸಿದರು. ನಾನು ಗಟ್ಟಿ ಹೆಂಗಸು. ಅದನ್ನು ಮಾತ್ರ ನೋಡಲಾಗದೆ ಕಂಬದ ಹಿಂದೆ ಹೋಗಿ ನಿಂತೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನೀವು ಈ ಮಳೆಗಾಲದಲ್ಲೇ ಗೆಳೆಯರೊಟ್ಟಿಗೆ ಮೋಜಿಗೆ ಹೊರಟಿದ್ದೀರಿ, ಅಲ್ಲವೇ? ಹೋಗಿ, ಬೇಡವೆನ್ನುವುದಿಲ್ಲ. ಕಡಲ ಮೇಲೆ ಗೆಳೆಯರಿಗಿಂತ ದೊಡ್ಡ ಸುಖ ನಾನೂ ಕಂಡಿಲ್ಲ. ಆದರೆ ಗಾಳಕ್ಕೆ ಮೊಟ್ಟೆ ತುಂಬಿದ ಬಂಗುಡೆ ಸಿಕ್ಕಿದಾಗ ಅದನ್ನು ಎತ್ತಿ ಹಿಡಿದು ಹಲ್ಲು ಕಿರಿದು ಫೋಟೋ ಹೊಡೆಸಿಕೊಳ್ಳುತ್ತೀರಲ್ಲ, ಆ ಹೊಟ್ಟೆಯಲ್ಲಿ ನನ್ನ ಊರು ಇದೆ. ಬೆರಳುದ್ದದ ಮರಿಗಳನ್ನು ಗೊಬ್ಬರಕ್ಕೆ ಗುಡಿಸಿ ಹಾಕುತ್ತೀರಲ್ಲ, ಅದರಲ್ಲಿ ಲಚ್ಚು, ಬೇಬಿ, ನಾನು ಒಟ್ಟಿಗೆ ಸಾಯುವ ಭಾಗ್ಯ ಇದೆ. ನಾಚಿಕೆ ಇಲ್ಲವೇ ಎಂದು ಕೇಳುತ್ತಿದ್ದೆ, ಹೊತ್ತಿಲ್ಲ.

ಬೆಳಿಗ್ಗೆ ಲಾರಿ ಬರುವ ಮೊದಲು ನಾವು ಮೂವರು ಅಪ್ಪಣೆ ಇಲ್ಲದೆ ಮತ್ತೆ ದೋಣಿ ಬಿಡುತ್ತೇವೆ. ಒಂದು ಮೀನು ಸಿಕ್ಕಿದರೆ ಬಾನಿ ಹೊತ್ತು ಲಾರಿಯ ಎದುರು ನಿಲ್ಲುತ್ತೇನೆ. ಆಮೇಲೆ ನನ್ನ ಬಾಯಿ ಉಂಟು, ಅವರ ಕಾನೂನು ಉಂಟು. ಹಾಗಾಗಿ ನೀವು ಇದನ್ನು ಓದಿದ ದಿನ ಒಂದೇ ಒಂದು ತಾಯಿ ಮೀನನ್ನು ನಮ್ಮ ನೀರಿಗೆ ಬಿಡಿ. ಅದರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಈಜಿ ಬರಲು ನಿಮ್ಮ ಕಡೆಯಿಂದ ನೂರಕ್ಕೂ ಮಿಕ್ಕಿ ವರ್ಷ ಇದೆ. ನಮ್ಮ ಕಡೆಯಿಂದ ಇರುವುದು ಬೆಳಗಾಗುವ ತನಕ.

ಕಾಲಿಗೆ ಬೀಳುತ್ತೇನೆ, ಈಗಲೇ ಬಿಡಿ. ಗಾಳ ನಾನು ಹಾಕುತ್ತೇನೆ.

ನಿಮ್ಮ ಮುಂದಿನವಳು,
ಗುಲಾಬಿ