ನಿಮ್ಮ ಮಾಳಿಗೆಯ ಮೇಲಿನ ಆಂಟೆನಾ

ಭವ್ಯ,

‘ಪ್ರೀತಿಯ’ ಎಂದು ಬರೆಯಲು ಕೈ ಏಳಲಿಲ್ಲ. ಬರೀ ಹೆಸರಿದೆ, ಅದರಲ್ಲೇ ಸುಧಾರಿಸಿಕೊ. ನನಗೂ ಹ್ಯಾಮ್ ರೇಡಿಯೊ ಲೈಸೆನ್ಸ್ ಬಂತು. ಮೊದಲು ನಿನಗೇ ಹೇಳಬೇಕೆಂದಿದ್ದ ಸುದ್ದಿಯನ್ನು ಎಲ್ಲರಿಗೂ ಹೇಳಿಯಾದ ಮೇಲೆ ನಿನಗೆ ಹೇಳುತ್ತಿದ್ದೇನೆ.

ಹಲಸೂರಿನ ಆ ಭಾನುವಾರದ ಕ್ಲಾಸಿನಲ್ಲಿ ಹುಡುಗಿಯರೆಂದರೆ ನಾವಿಬ್ಬರೇ. ನೀನು ದೊಮ್ಮಲೂರಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದೆ, ನಾನು ಮರ್ಫಿ ಟೌನಿನಿಂದ ನಡೆದು. ಪರೀಕ್ಷೆ ಪಾಸಾದರೆ ಸ್ವಂತ ಸ್ಟೇಷನ್ ಇಟ್ಟುಕೊಂಡು ಲೋಕದ ಜೊತೆ ಮಾತಾಡಬಹುದು ಎಂಬ ಹುಚ್ಚು ಇಬ್ಬರಿಗೂ ಒಂದೇ ಸಲ ಹಿಡಿದಿತ್ತು. ನಿಯಮಗಳನ್ನು ನೀನು ಗಟ್ಟಿ ಮಾಡಿ ನನಗೆ ಒಪ್ಪಿಸುತ್ತಿದ್ದೆ, ಸರ್ಕ್ಯೂಟ್‌ಗಳನ್ನು ನಾನು ಬಿಡಿಸಿ ಹೇಳುತ್ತಿದ್ದೆ. ಮೋರ್ಸ್ ಕೋಡ್ ಮಾತ್ರ ನಿನ್ನ ತಲೆಗೆ ಹತ್ತಲೇ ಇಲ್ಲ. ಗಿಡ್ಡ ಸದ್ದು ಯಾವುದು, ಉದ್ದ ಸದ್ದು ಯಾವುದು ಎಂದು ಗೊತ್ತಾಗದೆ ಅಳುವುದೊಂದು ಬಾಕಿಯಿತ್ತು.

ಆಗ ನಾನು ಟಿಫಿನ್ ಡಬ್ಬಿ ಬೋರಲು ಹಾಕಿ ಬಾರಿಸಿದೆ, ಉದ್ದಕ್ಕೆ ಡಂಗ್, ಗಿಡ್ಡಕ್ಕೆ ಣ. ಡಂಗ್ ಣ ಡಂಗ್ ಣ, ಡಂಗ್ ಡಂಗ್ ಣ ಡಂಗ್. ಅದು ‘ಯಾರಾದರೂ ಇದ್ದೀರಾ’ ಎಂದು ಆಕಾಶಕ್ಕೆ ಕೂಗುವ ಸಿ ಕ್ಯೂ. ಎಲ್ಲಿ ಕಲಿತೆ ಎಂದು ನೀನು ಕೇಳಿದೆ. ನಮ್ಮ ತಾತ ಮುನಿರಾಜಪ್ಪ ತಮಟೆ ಬಾರಿಸುತ್ತಿದ್ದರು, ಪೆಟ್ಟುಗಳನ್ನು ಬಾಯಲ್ಲಿ ಹೇಳಿ ಕಲಿಸುತ್ತಿದ್ದರು ಎಂದೆ. ಅವತ್ತಿನಿಂದ ಇಂಗ್ಲಿಷಿನ ಅಕ್ಷರಗಳಿಗೆಲ್ಲ ತಾತನ ಪೆಟ್ಟುಗಳೇ ಆದವು. ನೀನೂ ಪಾಸಾದೆ, ನಾನೂ. ರಿಸಲ್ಟ್ ಬಂದ ದಿನ ರಸ್ತೆಯಲ್ಲೇ ನನ್ನನ್ನು ತಬ್ಬಿಕೊಂಡೆ.

ನಮ್ಮದು ಶೀಟಿನ ಮನೆ, ಸುತ್ತ ಆಕಾಶವೇ ಕಾಣದಷ್ಟು ಕಟ್ಟಡ. ನಿಮ್ಮ ಮಾಳಿಗೆಯಾದರೋ ಫ್ಲೈಓವರಿಗಿಂತ ಎತ್ತರ. “ಇಬ್ರಿಗೂ ಒಂದೇ ಆಂಟೆನಾ ಕಣೇ, ನಮ್ಮನೇಲೇ ಹಾಕ್ಬಿಡೋಣ” ಎಂದವಳು ನೀನು. ಶಿವಾಜಿನಗರದ ಗುಜರಿಯಲ್ಲಿ ಅಲ್ಯೂಮಿನಿಯಂ ಪೈಪು ಆರಿಸಿ, ಕೊಯ್ದು, ಅರ ಹಾಕಿ ಉಜ್ಜಿ ಆಂಟೆನಾ ಮಾಡಿದವಳು ನಾನು. ಒಂದು ಕಡೆ ಕ್ಲ್ಯಾಂಪ್ ಸಿಗದೆ ಅಮ್ಮನ ಹಳೇ ಕೆಂಪು ಬಕೆಟ್ಟಿನ ತುಂಡು ಕೊರೆದು ಕೂರಿಸಿದ್ದೆ. ತಂದು ನಿಮ್ಮ ಮೆಟ್ಟಿಲ ಕೆಳಗೆ ಇಟ್ಟು ಹೋದೆ.

ನಾವು ಯಾವ ಜನ ಎಂದು ನಿನಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ನಮ್ಮ ಮನೆಯ ಗೋಡೆಯ ಮೇಲಿನ ಬುದ್ಧನನ್ನು ನೋಡಿ “ಎಷ್ಟ್ ಕ್ಲಾಸಿಯಾಗಿದೆ” ಎಂದವಳು ನೀನು. ನಿಮ್ಮ ಮನೆಯಲ್ಲೂ ಬುದ್ಧ ಇದ್ದ, ಚಪ್ಪಲಿ ಸ್ಟ್ಯಾಂಡಿನ ಮೇಲೆ, ಅಲಂಕಾರಕ್ಕೆ. ತಮಟೆ ಕೂಡ ನಿನಗೆ ಕಾಲೇಜ್ ಡೇ ದಿನ ಕುಣಿಯುವ ವಾದ್ಯ. ಅದಕ್ಕೇ ಊಟಕ್ಕೆ ಕೂತಾಗ ನಿಮ್ಮಪ್ಪನ ಮುಂದೆ, ನನ್ನನ್ನು ಹೊಗಳಬೇಕೆಂದೇ, ತೇಜಶ್ರೀ ತಾತ ತಮಟೆ ಬಾರಿಸ್ತಿದ್ರಂತೆ ಎಂದು ಎಲ್ಲವನ್ನೂ ಹೇಳಿದೆ. ಅಪ್ಪ ಊಟ ಅರ್ಧಕ್ಕೇ ಬಿಟ್ಟು ಎದ್ದು ಕೈ ತೊಳೆದರು ಎಂದು ನೀನೇ ನಗುತ್ತ ಫೋನಿನಲ್ಲಿ ಹೇಳಿದ್ದೆ. ನನಗೆ ನಗು ಬರಲಿಲ್ಲ.

ಮುಂದಿನ ಭಾನುವಾರ ನಾನು ಆಂಟೆನಾ ನಿಲ್ಲಿಸಲು ಬಂದಾಗ ನಿಮ್ಮಪ್ಪ ಕೆಂಪರಾಜ್ ಮೆಟ್ಟಿಲ ಹತ್ತಿರವೇ ನಿಂತಿದ್ದರು. ಅಲ್ಲಿಯವರೆಗೆ ನನ್ನನ್ನು ‘ಎಂಜಿನಿಯರ್’ ಎಂದು ರೇಗಿಸುತ್ತಿದ್ದ ಮನುಷ್ಯ. ಹೊಲ ಹೋಗಿ ಸೈಟಾಯಿತು, ಕೊಟ್ಟಿಗೆ ಹೋಗಿ ಬಾಡಿಗೆ ಮನೆಗಳಾದವು, ಈ ಜಾತಿಯ ಲೆಕ್ಕವೊಂದನ್ನು ಮಾತ್ರ ಅವರು ಮರೆತಿರಲಿಲ್ಲ.

“ಮಾಳಿಗೆ ಕೆಳಗೇ ದೇವ್ರ ಮನೆ ಐತಮ್ಮ. ನೀನು ಮೇಲೆ ಹತ್ಬೇಡ.”

ನಾನು ನಿನ್ನ ಮುಖ ನೋಡಿದೆ. ನೀನು ಕೇಬಲ್ ಸುತ್ತುತ್ತಿದ್ದೆ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದೆ. ನಿಮ್ಮಪ್ಪನ ಮಾತು ನನಗೆ ಹೊಸದಲ್ಲ ಭವ್ಯ, ಅಂಥದ್ದನ್ನು ಕೇಳಿಯೇ ಬೆಳೆದವರು ನಾವು. ನಿನ್ನ ಬಾಯಿಂದ ಒಂದು ‘ಅಪ್ಪಾ’ ಕೂಡ ಹೊರಡಲಿಲ್ಲವಲ್ಲ, ಅದು ನನ್ನ ಹೊಟ್ಟೆ ಉರಿಸಿತು. ಈಗಲೂ ಉರಿಸುತ್ತಿದೆ.

ನಮ್ಮ ಕ್ಲಾಸಿನ ಜಿಯಾವುಲ್ಲಾ ಸಾಹೇಬರಿಗೆ ವಿಷಯ ತಿಳಿದು, ಶಿವಾಜಿನಗರದ ತಮ್ಮ ಅಂಗಡಿಯ ಮಾಳಿಗೆ ಬಿಟ್ಟುಕೊಟ್ಟರು. ಕಾರಣ ಕೇಳಲಿಲ್ಲ, ಚಾ ತರಿಸಿದರು. ಸ್ಟೇಷನ್ನಿನ ವಿಳಾಸವಾಗಿ ಅದನ್ನೇ ಕೊಟ್ಟೆ, ಹೊಸ ಆಂಟೆನಾ ಮಾಡಿಕೊಂಡೆ. ಆಮೇಲೊಂದು ದಿನ ಬಸ್ಸು ದೊಮ್ಮಲೂರು ಫ್ಲೈಓವರ್ ಹತ್ತಿದಾಗ ನಿಮ್ಮ ಮಾಳಿಗೆ ಕಂಡಿತು. ನಾನು ಮಾಡಿದ ಆಂಟೆನಾ ದೇವರ ಮನೆಯ ನೆತ್ತಿಯ ಮೇಲೆ ನೆಟ್ಟಗೆ ನಿಂತಿತ್ತು, ಕೆಂಪು ಬಕೆಟ್ಟಿನ ತುಂಡಿನ ಸಮೇತ. ನನ್ನ ಕೈಕೆಲಸಕ್ಕಿಲ್ಲದ ಮೈಲಿಗೆ ನನ್ನ ಕಾಲಿಗೆ ಎಲ್ಲಿಂದ ಬಂತೋ, ನಿಮ್ಮಪ್ಪನನ್ನೇ ಕೇಳು.

ಇದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ನಿನ್ನೆ ಬೆಳಗ್ಗೆ ಗೆಳೆಯರೆಲ್ಲ ರೇಡಿಯೊದಲ್ಲಿ ಸೇರುವ ಹೊತ್ತಿಗೆ ಮೊದಲ ಸಲ ನನ್ನ ಕಾಲ್‌ಸೈನ್, ಲೈಸೆನ್ಸಿನಲ್ಲಿ ಕೊಟ್ಟ ಸ್ಟೇಷನ್ನಿನ ಹೆಸರು, ಹೇಳಿದೆ. ಹಾಜರಿ ಕರೆಯುತ್ತಿದ್ದವಳು ನೀನು. ನೀನು ಮೈಕ್ ಒತ್ತಿ ಹಿಡಿದೆ, ಹಿಂದೆ ನಿಮ್ಮ ಕುಕ್ಕರ್ ಕೂಗಿದ್ದಷ್ಟೇ ನನಗೆ ಕೇಳಿಸಿತು. ನನ್ನ ದನಿಯ ಗುರುತು ನಿನಗೆ ಸಿಕ್ಕಿತ್ತು. ಆಮೇಲೆ ನೀನು ಕೇಳಿದೆ.

“ಹೊಸ ಸ್ಟೇಷನ್‌ಗೆ ಸ್ವಾಗತ. ತಮ್ಮ ಹೆಸ್ರು, ಜಾಗ ಹೇಳ್ತೀರಾ ಮೇಡಂ?”

ಎಲ್ಲರೂ ಕೇಳುತ್ತಿದ್ದರು. ತೇಜಶ್ರೀ, ಮರ್ಫಿ ಟೌನಿನವಳು, ಮುನಿರಾಜಪ್ಪನವರ ಮೊಮ್ಮಗಳು ಎಂದು ಹೇಳಿದೆ. ಸ್ಪಷ್ಟವಾಗಿ ಕೇಳಿಸ್ತಿದೆ, ಧನ್ಯವಾದ ಎಂದು ನೀನು ಮುಂದಿನವರನ್ನು ಕರೆದೆ.

ಮುಂದಿನ ವಾರವೂ ಬರುತ್ತೇನೆ. ನೀನು ಕರೆದರೆ ಓಗೊಡುತ್ತೇನೆ, ಕರೆದವರಿಗೆ ಉತ್ತರ ಕೊಡುವುದು ಹ್ಯಾಮ್‌ಗಳ ಪದ್ಧತಿ. ಅದನ್ನು ಸ್ನೇಹ ಎಂದುಕೊಳ್ಳಬೇಡ. ಚೆನ್ನಾಗಿರು. ನಿನ್ನ ದನಿ ಸಮುದ್ರಗಳನ್ನು ದಾಟಿ ಹೋಗಲಿ. ಎಂದಾದರೊಂದು ದಿನ ನಿಮ್ಮಪ್ಪ ಕೂತಿರುವ ನಡುಮನೆಯವರೆಗೂ ತಲುಪಲಿ.

ನಿನ್ನ ಮೇಡಂ ಅಲ್ಲದ,
ತೇಜಶ್ರೀ