ಗಯಾ ಪ್ಯಾಸೆಂಜರಿಗೆ ಕಾದವಳು

ಹನುಮಾನ್ ಘಾಟ್, ವಾರಾಣಸಿ
೧೫ ಡಿಸೆಂಬರ್ ೨೦೨೫

ಪ್ರೀತಿಯ ಪ್ರಿಯಂ,

ನಿನ್ನ ಎರಡೂ ಕಿವಿ ಹಿಂಡಿ, ಆಮೇಲೆ ಅಪ್ಪಿಕೊಂಡು, ಕಾಶಿಯಿಂದ ನಿನ್ನ ಅನಂತು ಬರೆಯುತ್ತಿದ್ದೇನೆ. ಹಿಂಡುವಾಗ ಜೋಪಾನವಾಗಿಯೇ ಹಿಂಡಿದ್ದೇನೆ. ಆ ಕಿವಿಯ ಯಂತ್ರ ಕಳಚಿ ಬಿದ್ದರೆ ಮೆಲ್ಬರ್ನಿನಿಂದ ನಿನ್ನ ಸೊಸೆ ನನ್ನನ್ನು ಬೈದಾಳು.

ತಡವಾಗಿದ್ದಕ್ಕೆ ಕ್ಷಮಿಸು. ಭಾನುವಾರದ ವಿಡಿಯೋ ಕಾಲಿಗೆ ನಾನು ಬರದೆ ಎಷ್ಟೋ ವಾರವಾಯಿತು. "ಎಲ್ಲಿ ಸತ್ತೆಯೇ" ಎಂದು ನೀನು ಕಳಿಸಿದ ಮೆಸೇಜನ್ನೂ ಓದಿದೆ. ಸತ್ತಿಲ್ಲ, ಕಣೇ. ಕಾಶಿಯಲ್ಲಿ ಸಾಯುವುದಕ್ಕೂ ಸರದಿ ಇದೆ. ನೆಟ್ ಸರಿಯಿಲ್ಲ, ಮಂಡಿ ಸರಿಯಿಲ್ಲ ಎಂದು ನೆಪ ಹೇಳಿಕೊಂಡು ಕಾಲ ಹಾಕಿದೆ. ಈ ಕಾಗದ ಅಂಚೆಯಲ್ಲಿ ಹೊರಟರೆ ಸಂಕ್ರಾಂತಿಗೆ ತಲುಪೀತು. ಅದಕ್ಕೇ ಬರೆದು ಮುಗಿಸಿ, ಸುಮಧ್ವನ ಕೈಲಿ ಫೋಟೋ ಹೊಡೆಸಿ ನಿನ್ನ ಫೋನಿಗೆ ಕಳಿಸುತ್ತೇನೆ. ದೊಡ್ಡದು ಮಾಡಿಕೊಂಡು ಓದು. ನಮ್ಮ ಗೆಳತಿಯರ ಗುಂಪಿನಲ್ಲಿ ಹಾಕಬೇಡ. ಕೆನಡಾದಲ್ಲಿ ಗಿರಿಜೆ ಓದಿದರೆ ಅವಳ ಬಿ.ಪಿ. ಏರುತ್ತದೆ.

ನೀನು ಕೇಳಿದ್ದು ಒಂದೇ ಮಾತು. "ಮಹೇಶ್ವರಿಯನ್ನು ಕೊನೆತನಕ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ ಎಂದು ನಮ್ಮೆಲ್ಲರ ಮುಂದೆ ಜಂಬ ಕೊಚ್ಚಿದವಳು, ತಿಂಗಳು ತುಂಬುವ ಮೊದಲೇ ಲೀಡ್ಸಿಗೆ ವಾಪಸ್ಸು ಯಾಕೆ ಕಳಿಸಿದೆ?" ನಿನಗೆ ಸಿಟ್ಟು ಬಂದಿದೆ, ಬರಲಿ. ಈಗ ಹೇಳುತ್ತೇನೆ, ಕೇಳು.

ನೀವೆಲ್ಲ ಮದುವೆಯಾಗಿ ಸಮುದ್ರ ದಾಟಿದಿರಿ. ನಾನು ಮಾತ್ರ ನಾವು ನಾಲ್ವರೂ ಓದಿದ ಬೋರ್ಡಿಂಗ್ ಶಾಲೆ ಇದ್ದ ಊರಿನಲ್ಲೇ ಬ್ಯಾಂಕಿನ ಕೆಲಸ ಮಾಡಿ ಮುದುಕಿಯಾದೆ. ಹಾಳೂರಿಗೆ ಉಳಿದವನೇ ಗೌಡ ಅನ್ನುವ ಹಾಗೆ ನಿಮಗೆಲ್ಲ ಕಾಶಿ ಅಂದರೆ ನಾನೇ ಆದೆ. ಒಬ್ಬಳಿಗೆ ಗಂಗೆಯ ನೀರು ಬೇಕು, ಒಬ್ಬಳ ಗಂಡನ ವರ್ಷಾಂತಿಕ ಆಗಬೇಕು, ಇನ್ನೊಬ್ಬಳಿಗೆ ಬೋರ್ಡಿಂಗಿನ ಗೇಟಿನ ವಿಡಿಯೋ. ನಮ್ಮ ಮನೆಯೇ ಕರ್ನಾಟಕದ ಯಾತ್ರಿಗಳಿಗೆ ಕರ್ಮ ಮಾಡಿಸುವ ಮನೆ, ಅಪ್ಪನ ನಂತರ ಅಣ್ಣ, ಅಣ್ಣನ ನಂತರ ಅವನ ಮಗ ಸುಮಧ್ವ. ಹಾಗಾಗಿ ನಿಮ್ಮ ಬೇಡಿಕೆಗಳನ್ನು ಪೂರೈಸುವುದು ಕಷ್ಟವಾಗಲಿಲ್ಲ. ಬೇಡಿಕೆಗಳಲ್ಲೆಲ್ಲ ನನಗೆ ಸಂತೋಷ ಕೊಟ್ಟಿದ್ದು ಮಹೇಶ್ವರಿಯದು. "ನಾ ಅಲ್ಲೇ ಬರ್ತೀನಿ ಅನಂತೂ. ನನಗಿಲ್ಲೆ ಸಾಕಾಗೇದ" ಎಂದಳಲ್ಲ, ನೀನೂ ಚಪ್ಪಾಳೆ ತಟ್ಟಿದೆ.

ಕಾರ್ತಿಕ ಹುಣ್ಣಿಮೆಯ ದೇವ ದೀಪಾವಳಿಗೆ ಮುಂಚೆ ಬಂದಳು. ವಿಮಾನ ನಿಲ್ದಾಣದಲ್ಲಿ ಅಲ್ಲಿನವರು ಕೂರಿಸಿ ತಂದ ವ್ಹೀಲ್‌ಚೇರಿನಿಂದಲೇ ಕೂಗಿದಳು, "ಅನಂತೂ, ಜಡೀ ಎಲ್ಲಿ ಕಳಕೊಂಡಿಯವ್ವ?" ಅಕ್ಕಪಕ್ಕದವರೆಲ್ಲ ನಕ್ಕರು. ಮರುದಿನ ಬೋರ್ಡಿಂಗ್ ನೋಡಲು ಹೋದೆವು. ಅದು ಈಗ ಹೋಟೆಲು, ಮಹಡಿಯ ಮೇಲೆ ಪರದೇಶದ ಹುಡುಗರು ನಿಂಬೆ ಚಹಾ ಕುಡಿಯುತ್ತ ಕೂತಿರುತ್ತಾರೆ. ಮಹೇಶ್ವರಿ ಒಂದೊಂದು ಕೋಣೆಗೂ ಹೆಸರು ಹೇಳಿದಳು. ಎಲ್ಲಿ ಯಾರ ಮಂಚವಿತ್ತು, ಯಾವ ಕಿಟಕಿಯಿಂದ ನೀನು ಕಹಿಬೇವಿನ ಕಷಾಯ ಚೆಲ್ಲಿ ಸಿಕ್ಕಿಬಿದ್ದೆ, ಎಲ್ಲ ಹೇಳಿದಳು. ಆ ಭಾನುವಾರ ಅವಳೂ ನಾನೂ ಒಂದೇ ಪರದೆಯಲ್ಲಿ ಕಾಣಿಸಿಕೊಂಡಾಗ ನೀನೇ ಅಂದೆ, "ನಮಗೆಲ್ಲ ಬೆಳಗ್ಗೆ ತಿಂದದ್ದು ನೆನಪಿಲ್ಲ, ಇವಳ ತಲೆ ನೋಡ್ರೇ!"

ಪ್ರಿಯಂ, ಅಲ್ಲೇ ನಾವು ಮೋಸ ಹೋದದ್ದು.

ಈ ಎರಡು ವರ್ಷ ನಾವು ಪ್ರತಿ ಭಾನುವಾರ ಮಾತಾಡಿದ್ದೇನು, ನೀನೇ ಹೇಳು. ವಾರ್ಡನ್ ದೀದಿ ಹೀಗೆ ಬೈದಳು, ಅಡುಗೆಯ ಮಹಾರಾಜ ಹಾಗೆ ಕದ್ದ, ಗಿರಿಜೆ ನಿದ್ದೆಯಲ್ಲಿ ಪ್ರಾರ್ಥನೆ ಹೇಳಿದಳು. ಅದು ಬಿಟ್ಟು ಬೇರೆ ಮಾತಿರಲಿಲ್ಲ. ಇವತ್ತು ಊಟ ಏನೇ ಎಂದು ಕೇಳಿದರೆ ಮಹೇಶ್ವರಿ, "ಖಿಚಡಿ. ಮತ್ತೇನ ಕೊಡ್ತಾರ ಇಲ್ಲೆ?" ಅನ್ನುತ್ತಿದ್ದಳು. ನಾವು ಹೊಟ್ಟೆ ಹಿಡಿದು ನಗುತ್ತಿದ್ದೆವು. ಅವಳು ತಮಾಷೆ ಮಾಡುತ್ತಿರಲಿಲ್ಲ, ಕಣೇ. ನಾವು ಹಳೆಯ ಮಾತಾಡಲು ಅಲ್ಲಿಗೆ ಹೋಗಿ ಬರುತ್ತಿದ್ದೆವು, ಅವಳು ಅಲ್ಲೇ ಇದ್ದಳು. ಬೇರೆ ಯಾವ ಗೆಳತಿಯರಾದರೂ, ಬೆನ್ನುನೋವು, ಬೆಲೆ, ಬಂಧು ಬಳಗ ಎಂದು ಮಾತಾಡುವವರಾಗಿದ್ದರೆ, ಒಂದೇ ವಾರದಲ್ಲಿ ಕಂಡುಹಿಡಿಯುತ್ತಿದ್ದರು. ನಾವು ಮೂವರೂ ಸೇರಿ ಅವಳ ಜ್ಞಾಪಕಶಕ್ತಿಯನ್ನು ಹೊಗಳಿದೆವು.

ಇಲ್ಲಿಗೆ ಬಂದ ಮೇಲೂ ನನಗೆ ಬೇಗ ಹೊಳೆಯಲಿಲ್ಲ. ಒಂದು ಸಂಜೆ ಹಾಸಿಗೆ ಸುತ್ತಿಟ್ಟು, ಕೈ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಏನೇ ಇದು ಅಂದರೆ, "ದೀದಿ ಹಾಜರಿ ತಗೊಳ್ಳಾಕ ಬರ್ತಾಳ, ನೀನೂ ನಿಂದರು" ಎಂದಳು. ನನ್ನ ಬುದ್ಧಿಗೆ ಮಂಕು ಬಡಿದಿತ್ತು, ನಾನೂ ಅವಳ ಪಕ್ಕದಲ್ಲಿ ನಿಂತು ದೀದಿಯ ದನಿಯಲ್ಲಿ ಹಾಜರಿ ಕೂಗಿದೆ! "ಮಹೇಶ್ವರಿ ಬಸವಲಿಂಗಯ್ಯ!" "ಜೀ ದೀದಿ!" ಸುಮಧ್ವನ ಹೆಂಡತಿ ಕೃತಿ ಫೋನಿನಲ್ಲಿ ವಿಡಿಯೋ ಕೂಡ ತೆಗೆದಳು. ಮುದುಕಿಯರ ಆಟ ಎಂದುಕೊಂಡೆವು.

ಆಮೇಲೆ ಒಂದು ಬೆಳಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವಳಿಲ್ಲ. ಗಲ್ಲಿಯಲ್ಲಿಲ್ಲ, ಘಾಟಿನಲ್ಲಿಲ್ಲ. ಹೊಳೆಯ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಂಟೋನ್ಮೆಂಟ್ ಸ್ಟೇಷನ್ನಿನಿಂದ ಫೋನು ಬಂತು. ಅವಳ ಕೈಚೀಲದಲ್ಲಿ ನನ್ನ ನಂಬರ್ ಇಟ್ಟಿದ್ದೆ ಸದ್ಯ. ನಾನು ಹೋಗುವಷ್ಟರಲ್ಲಿ ರೈಲ್ವೆ ಪೊಲೀಸಿನ ಒಬ್ಬ ಹೆಣ್ಣುಮಗಳು ಅವಳನ್ನು ಬೆಂಚಿನ ಮೇಲೆ ಕೂರಿಸಿ ಚಹಾ ಕೊಡಿಸಿದ್ದಳು. ನನ್ನನ್ನು ಪಕ್ಕಕ್ಕೆ ಕರೆದು, "ಮಾತಾಜೀ, ಇನ್‌ಕೇ ಬಾಬೂಜೀ ಕಬ್ ಆಯೇಂಗೇ?" ಎಂದು ಕೇಳಿದಳು. ಇವರ ಅಪ್ಪ ಯಾವಾಗ ಬರುತ್ತಾರೆ ಎಂದು. ಮಹೇಶ್ವರಿ ಅವಳಿಗೆ ಎಲ್ಲ ಹೇಳಿದ್ದಳು. ಅಪ್ಪ ಬಸವಲಿಂಗಯ್ಯ, ಗಯಾದಲ್ಲಿ ರೈಲ್ವೆ ಗಾರ್ಡು, ರಜೆಗೆ ಮನೆಗೆ ಕರೆದುಕೊಂಡು ಹೋಗಲು ಗಯಾ ಪ್ಯಾಸೆಂಜರಿಗೆ ಬರುತ್ತಾನೆ ಎಂದು.

ನಾನು ಹೋಗಿ ಅದೇ ಬೆಂಚಿನ ಮೇಲೆ ಮಹೇಶ್ವರಿಯ ಪಕ್ಕ ಕೂತೆ. "ನೀನೂ ಬಂದೇನ? ನಿಮ್ಮ ಮನಿ ಇಲ್ಲೇ ಅದ ಅಲ್ಲ, ನೀ ಯಾಕ ರೈಲಿಗೆ ಬಂದಿ?" ಎಂದು ನನ್ನನ್ನೇ ಕೇಳಿದಳು.

ಅವಳ ಮಗಳು ಅದಿತಿಗೆ ಫೋನ್ ಮಾಡಿದೆ. ಲೀಡ್ಸಿನಲ್ಲಿ ಆಸ್ಪತ್ರೆಯ ಕೆಲಸ ಅವಳಿಗೆ, ಪಾಪದ ಹುಡುಗಿ, ಅವಳಿಗೂ ಐವತ್ತಾಯಿತು. ಅವಳು ಹೇಳಿದಳು, "ಆಂಟಿ, ಡಾಕ್ಟರು ಹೋದ ವರ್ಷವೇ ಹೇಳಿದ್ರು. ನನ್ನನ್ನೂ ಒಮ್ಮೊಮ್ಮೆ ಯಾರು ಅಂತಾರೆ. ಭಾನುವಾರ ನಿಮ್ಮ ಜೊತೆ ಮಾತಾಡುವಾಗ ಮಾತ್ರ ಅಮ್ಮ ಪೂರ್ತಿ ಅಮ್ಮ ಆಗಿರ್ತಾರೆ. ನಿಮಗೆ ಹೇಳಿದ್ರೆ ಆ ಒಂದು ಗಂಟೆನೂ ಹೋಗತ್ತೆ ಅಂತ ಹೇಳಲಿಲ್ಲ. ಕಾಶೀಲಿ ನಿಮ್ಮ ಹತ್ರ ಇದ್ರೆ ಸರಿಹೋಗ್ತಾರೆ ಅಂದ್ಕೊಂಡೆ." ಬೈಯಬೇಕು ಎಂದು ಬಾಯಿ ತೆರೆದಿದ್ದೆ. ಏನೆಂದು ಬೈಯಲಿ? ನಾನೂ ಅದನ್ನೇ ಅಂದುಕೊಂಡಿದ್ದವಳು.

ಮಹೇಶ್ವರಿಗೆ ನಿಜ ಹೇಳಿನೋಡೋಣ ಎಂದು ಒಂದು ದಿನ ಕೈ ಹಿಡಿದು ಹೇಳಿದೆ. ನಿಮ್ಮಪ್ಪ ತೀರಿಕೊಂಡು ಬಹಳ ವರ್ಷವಾಯಿತು ಮಹೇಶೀ, ನೀನೇ ಮಣ್ಣು ಹಾಕಿ ಬಂದವಳು ಎಂದೆ. ಅವಳು ಅತ್ತದ್ದನ್ನು ನಾನು ಬರೆಯಲಾರೆ. ಆಗ ತಾನೇ ತಂತಿ ಬಂದವರ ಹಾಗೆ ಅತ್ತಳು, ಊಟ ಬಿಟ್ಟಳು. ಸಂಜೆಗೆ ಎಲ್ಲ ಮರೆತು, ಮುಖ ತೊಳೆದು, ಚೀಲ ಹಿಡಿದು, "ಗಯಾ ಪ್ಯಾಸೆಂಜರ್ ಬಂತೇನ?" ಎಂದಳು. ಮರುದಿನ ಇನ್ನೊಮ್ಮೆ ಹೇಳಿದೆ. ಇನ್ನೊಮ್ಮೆ ಅಷ್ಟೇ ಅತ್ತಳು. ಆಮೇಲೆ ಹೇಳುವುದನ್ನು ಬಿಟ್ಟೆ. ಆ ಮನುಷ್ಯನನ್ನು ನಾನು ದಿನಾ ಸಾಯಿಸಲೇ?

ನಮ್ಮ ಮನೆಯ ವಿದ್ಯೆಯೂ ಅವಳಿಗೆ ಒದಗಲಿಲ್ಲ, ನೋಡು. ಊರೂರಿನಿಂದ ಜನ ಬಂದು, ಸುಮಧ್ವನ ಮುಂದೆ ಕೂತು ಪಿಂಡ ಇಟ್ಟು, ಸತ್ತವರನ್ನು ಸತ್ತರು ಎಂದು ಒಪ್ಪಿಕೊಂಡು, ಗಂಗೆಯಲ್ಲಿ ಮುಳುಗಿ ಊರಿಗೆ ಹೋಗುತ್ತಾರೆ. ಅವಳ ಕೈಯಿಂದಲೂ ಒಂದು ತರ್ಪಣ ಬಿಡಿಸಿದರೆ ಮನಸ್ಸಿಗೆ ಹತ್ತೀತೇನೋ ಎಂದೆ. ಸುಮಧ್ವ, "ಅತ್ತೆ, ಅವರು ಲಿಂಗವಂತರು, ಅವರಲ್ಲಿ ಇದಿಲ್ಲ. ಇದ್ರೂ ಸಂಜೆಗೆ ಮರೀತಾರೆ" ಎಂದ.

ಆದರೂ ಇಟ್ಟುಕೊಳ್ಳುತ್ತೇನೆ ಎಂದೇ ಹಟ ಹಿಡಿದೆ. ಬಾಗಿಲಿಗೆ ಚಿಲಕ ಹಾಕಿಸಿದೆ, ಹೊಳೆಯಾಚೆಯ ರಾಮನಗರದಿಂದ ಒಬ್ಬ ಹೆಂಗಸನ್ನು ನೋಡಿಕೊಳ್ಳಲು ಕರೆಸಿದೆ. ಚಿಲಕ ಕಂಡ ದಿನದಿಂದ ಮಹೇಶ್ವರಿಗೆ ಇದು ಪಕ್ಕಾ ಬೋರ್ಡಿಂಗೇ ಆಯಿತು. ಲೀಡ್ಸಿನಲ್ಲಿದ್ದಾಗ ಕಾಶಿ ಕಾಶಿ ಎಂದು ಹಂಬಲಿಸಿದವಳು ಕಾಶಿಯಲ್ಲಿ ಕೂತು ಗಯಾದ ರೈಲ್ವೆ ಕ್ವಾರ್ಟರ್ಸಿಗೆ ಕಳಿಸು ಎಂದು ನನ್ನ ಸೆರಗು ಹಿಡಿದಳು. ಅಲ್ಲಿ ಯಾರಿದ್ದಾರೆ? ಆ ಮನೆಗೆ ಟಿಕೆಟ್ ಎಲ್ಲಿ ಸಿಗುತ್ತದೆ, ಪ್ರಿಯಂ?

ಒಂದು ಸಲ ಅವಳು ಮೆಟ್ಟಿಲಿನಲ್ಲಿ ಓಡಿದಳು. ಹಿಡಿಯಲು ಹೋಗಿ ನಾನೇ ಬಿದ್ದೆ. ಸುಮಧ್ವ ನನ್ನನ್ನು ಎತ್ತಿ ಕೂರಿಸಿ, ದನಿ ಏರಿಸದೆ ಕೇಳಿದ, "ಅತ್ತೆ, ನಿಮ್ಮನ್ನ ಹಿಡಿದು ಇಳಿಸೋದು ನಾನು. ಅವರನ್ನ ಹಿಡಿಯೋದು ಯಾರು? ಯಾತ್ರಿಗಳು ಬಂದು ಹೋಗೋ ಮನೆ, ಬಾಗಿಲು ಎಷ್ಟು ಹೊತ್ತು ಮುಚ್ಚಿಡೋಕೆ ಆಗತ್ತೆ?" ಅವನ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಅದಿತಿಗೆ ನಾನೇ ಫೋನ್ ಮಾಡಿ, ಬಂದು ಕರೆದುಕೊಂಡು ಹೋಗಮ್ಮ ಎಂದೆ. ಅವಳು ರಜೆ ಹಾಕಿ ಬಂದಳು. ಮೊದಲು ಮಹೇಶ್ವರಿ ಒಪ್ಪಲಿಲ್ಲ, ಆಮೇಲೆ ಒಪ್ಪಿದಳು. ನಗುತ್ತಲೇ ಹೋದಳು. ಟ್ಯಾಕ್ಸಿಯಿಂದ ಕೈ ಬೀಸಿದಳು.

ಇಷ್ಟೇ ನಡೆದದ್ದು. ಇಟ್ಟುಕೊಳ್ಳುತ್ತೇನೆ ಎಂದವಳಿಗೆ ತಾಕತ್ತಿರಲಿಲ್ಲ. ಬೈಯುವುದಿದ್ದರೆ ಬೈದುಬಿಡು, ನಿನ್ನ ಬೈಗಳಾದರೂ ಇರಲಿ ನನಗೆ.

ಇಲ್ಲಿ ಚಳಿ ಶುರುವಾಗಿದೆ, ಮಂಜಿನಲ್ಲಿ ಆಚೆ ದಂಡೆ ಕಾಣುವುದಿಲ್ಲ. ಮಲೈಯೋ ಮಾರುವವನು ಗಲ್ಲಿಗೆ ಬರುತ್ತಿದ್ದಾನೆ. ಆ ಹಾಲಿನ ನೊರೆಗಾಗಿ ನೀನು ಗೋಡೆ ಹಾರಿದ್ದನ್ನು ನೆನೆದು ಒಬ್ಬಳೇ ಒಂದು ಮಣ್ಣಿನ ಕುಲ್ಹಡ್ ತುಂಬ ತಿಂದೆ. ನಿನ್ನ ಮೊಮ್ಮಗಳ ಪರೀಕ್ಷೆ ಏನಾಯಿತು? ಅವಳಿಗೆ ನನ್ನ ಆಶೀರ್ವಾದ. ಕನ್ನಡ ಬರದಿದ್ದರೇನು, ಆಶೀರ್ವಾದಕ್ಕೆ ಭಾಷೆ ಬೇಕಿಲ್ಲ. ಅನ್ನಪೂರ್ಣೆ ನಿನ್ನ ಮನೆಯ ಒಲೆ ಬೆಚ್ಚಗಿಡಲಿ, ವಿಶ್ವನಾಥ ನಿನ್ನ ತಲೆಯನ್ನು ನೆಟ್ಟಗಿಡಲಿ. ಬೇರೆ ಏನೂ ಕೇಳುವುದಿಲ್ಲ ನಾನು ಈಗ.

ನಿನ್ನವಳೇ ಆದ
ಅನಂತಲಕ್ಷ್ಮಿ

ತಾ.ಕ.: ಸಹಿ ಹಾಕಿದ ಮೇಲೂ ಪೆನ್ನು ಕೆಳಗಿಡಲು ಆಗುತ್ತಿಲ್ಲ. ನಗುತ್ತ ಹೋದಳು ಎಂದು ಬರೆದೆನಲ್ಲ, ಹೇಗೆಂದು ಬರೆಯಲಿಲ್ಲ. ಅದಿತಿಯ ಗುರುತು ಅವಳಿಗೆ ಹತ್ತಲೇ ಇಲ್ಲ. "ಗುರ್ತಿಲ್ಲದವರ ಜೋಡಿ ನನ್ನ ಕಳಸಬ್ಯಾಡ" ಎಂದು ಕಂಬ ಹಿಡಿದು ಕೂತಳು. ಟ್ಯಾಕ್ಸಿಯವನು ಗಲ್ಲಿಯ ತುದಿಯಿಂದ ಫೋನಿನ ಮೇಲೆ ಫೋನು ಮಾಡುತ್ತಿದ್ದ. ಅದಿತಿ ಮುಖ ಆಚೆ ಮಾಡಿ ಅಳುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಹೇಳಿದೆ: "ಮಹೇಶೀ, ಇವಳನ್ನ ನಿಮ್ಮಪ್ಪನೇ ಕಳಿಸಿರೋದು. ಅವರಿಗೆ ಡ್ಯೂಟಿ ಬಿತ್ತಂತೆ. ನೀನು ಇವಳ ಜೊತೆ ಹೋಗಿ ಮನೇಲಿರು, ಅವರು ಬಂದುಬಿಡ್ತಾರೆ." ತಕ್ಷಣ ಕಂಬ ಬಿಟ್ಟಳು. "ಮೊದಲ ಹೇಳಬಾರದೇನ ಹುಚ್ಚಿ?" ಎಂದು ನನ್ನ ಕೆನ್ನೆ ತಟ್ಟಿದಳು.

ಈಗ ಲೀಡ್ಸಿನಲ್ಲಿ ದಿನವೂ ಕೋಟು ಹಾಕಿಕೊಂಡು ಕಿಟಕಿಯ ಹತ್ತಿರ ಕೂರುತ್ತಾಳಂತೆ. ಅಜ್ಜ ಇಲ್ಲಮ್ಮ ಎಂದು ಅದಿತಿ ಹೇಳಿದರೆ ಈಗ ಅಳುವುದೂ ಇಲ್ಲವಂತೆ. ನಂಬುವುದೇ ಇಲ್ಲವಂತೆ. "ಬರ್ತಾನ. ಅನಂತು ಹೇಳ್ಯಾಳ" ಎನ್ನುತ್ತಾಳಂತೆ. ಪರದೆಯ ಮೇಲೆ ನನ್ನ ಮುಖ ಕಂಡರೆ ಅವಳು ಮೊದಲು ಕೇಳುವುದು ಅದನ್ನೇ. ಅದಕ್ಕೇ ನಾನು ಭಾನುವಾರ ಬರುತ್ತಿರಲಿಲ್ಲ, ನೆಟ್ಟೂ ಅಲ್ಲ, ಮಂಡಿಯೂ ಅಲ್ಲ. ಆದರೆ ನಾನು ಬರದ ದಿನ ಅವಳು ಊಟವನ್ನೇ ಮುಟ್ಟುವುದಿಲ್ಲ ಎಂದು ಅದಿತಿ ನಿನ್ನೆ ಫೋನಿನಲ್ಲಿ ಗೋಗರೆದಳು. ಈ ಭಾನುವಾರ ಬರುತ್ತೇನೆ. ಅವಳು ಕೇಳುತ್ತಾಳೆ, ನಾನು "ಬರ್ತಾರೆ ಕಣೇ" ಅನ್ನುತ್ತೇನೆ. ಆಮೇಲೆ ಅವಳು ನಿನ್ನ ಕಡೆ ನೋಡುತ್ತಾಳೆ. ಆಗ ಕಿವಿಯ ಯಂತ್ರ ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಬೇಡ, ಪ್ರಿಯಂ. ನೀನೂ ಹೂಂ ಅನ್ನು.