ತಲೆಗೆ ತಾಗುವ ಸೂರು

ಗಡಿ ಕಟ್ಟಡ, ಸಿಮೆಂಟು ಶೆಡ್ಡಿನ ಪಕ್ಕ
ತಾರೀಕು ಹನ್ನೊಂದು, ಭಾನುವಾರ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಕಣ್ಣುರಿ ಕಡಿಮೆಯಾಯಿತಾ? ಕಂಪ್ಯೂಟರ್ ಮುಂದೆ ಕೂತು ಊಟ ಮಾಡಬೇಡ ಅಂತ ನಿಮ್ಮಮ್ಮ ಹೇಳಿ ಹೇಳಿ ಸುಸ್ತಾಗಿದ್ದಾಳೆ, ಅವಳಿಗಾದರೂ ಫೋನ್ ಮಾಡು. ನಾನು ಚೆನ್ನಾಗಿದ್ದೇನೆ. ಮಂಡಿ ಸ್ವಲ್ಪ ಹಿಡಿಯುತ್ತದೆ, ಅದು ಬಿಟ್ಟರೆ ಈ ಅರವತ್ತೆಂಟರಲ್ಲೂ ನನ್ನಷ್ಟು ನೇರವಾಗಿ ಇಟ್ಟಿಗೆ ಇಡುವವನು ಈ ಗಡಿಯ ಎರಡೂ ಕಡೆ ಇಲ್ಲ. ಬೇಕಾದರೆ ಬಂದು ದಾರ ಕಟ್ಟಿ ನೋಡು. ಉಪಚಾರ ಇಲ್ಲಿಗೆ ಮುಗಿಯಿತು. ಇನ್ನು ಬೈಯುತ್ತೇನೆ, ನೆಟ್ಟಗೆ ಕೂತು ಓದು.

ನೀನು ನಕ್ಷೆ ಸುತ್ತಿಕೊಂಡು ಮೊದಲ ಸಲ ಇಲ್ಲಿಗೆ ಬಂದಾಗ ಏನಂದಿದ್ದೆ, ನೆನಪಿದೆಯಾ? "ಮಾವ, ಎರಡೂ ದೇಶದವರು ಒಂದೇ ನೆರಳಲ್ಲಿ ಕೂತು ಕಾಯಬೇಕು. ಮಿಕ್ಕಿದ್ದು ತಾನಾಗಿ ಆಗುತ್ತೆ." ಒಂದು ಸೂರು, ಒಂದು ನೆಲ, ನಡುವೆ ಗೆರೆ ದಾಟಿ ಹೋಗುವ ಹದಿನೆಂಟು ಅಡಿ ಕಲ್ಲು ಬೆಂಚು, ಒಂಬತ್ತು ಅಡಿ ನಮ್ಮದು, ಒಂಬತ್ತು ಅಡಿ ಅವರದು. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು ನಾನು, ಆದರೂ ಆ ನಕ್ಷೆ ನೋಡಿದ ಕೂಡಲೇ ಅರ್ಥವಾಯಿತು. ಮೂವತ್ತು ವರ್ಷದಿಂದ ನಾನೂ ಆಚೆ ದೇಶಕ್ಕೆ ಮದುವೆಯಾಗಿ ಹೋದ ನನ್ನಕ್ಕನೂ ತಂತಿಬೇಲಿಯ ಆಚೀಚೆ ನಿಂತೇ ಮಾತಾಡಿದ್ದು. ಈಗ ನಿನ್ನ ದೊಡ್ಡಮ್ಮನಿಗೆ ಕಾಲು ಬಿದ್ದಿದೆ, ಗಾಲಿಕುರ್ಚಿಯಲ್ಲಿ ಬರುತ್ತಾಳೆ. ಅವಳ ಪಕ್ಕ ಕೂರೋಕೆ ಒಂದು ಬೆಂಚು ಅಂದರೆ ನಾನು ಬಿಡುತ್ತೇನಾ? ಆಸೆಬುರುಕನ ಹಾಗೆ ಕೆಲಸ ಹಿಡಿದೆ.

ಆಚೆ ಕಡೆಗೂ ಒಬ್ಬ ಮೇಸ್ತ್ರಿ ಇದ್ದಾನೆ. ನನ್ನಷ್ಟು ಅಲ್ಲದಿದ್ದರೂ ಕೆಲಸ ಬಲ್ಲವನೇ. ನೆಲ ಒಂದೇ ಮಟ್ಟಕ್ಕೆ ಬರಬೇಕಲ್ಲ, ನೀರು ತುಂಬಿದ ಕೊಳವೆಯ ಒಂದು ತುದಿ ಬೇಲಿಯ ಸಂದಿಯಿಂದ ಅವನಿಗೆ ಕೊಡುತ್ತಿದ್ದೆ, ಇನ್ನೊಂದು ತುದಿ ನನ್ನ ಕೈಯಲ್ಲಿ. "ನಿಂತಿತಾ?" ಅಂತ ನಾನು ಕೂಗಬೇಕು, ನೀರು ಅಲುಗೋದು ನಿಂತ ಮೇಲೆ "ನಿಂತಿತು" ಅಂತ ಅವನು ಕೂಗಿ ಗುರುತು ಹಾಕಬೇಕು. ಮೂರು ತಿಂಗಳು ಹೀಗೇ ನಡೆಯಿತು. ತಾರಸಿ ಹಾಕಿದ ಮೇಲೆ ಎರಡೂ ಕಡೆಯ ಕಾವಲಿನವರು ಬಿಸಿಲಿಗೆ ಒಳಗೆ ಬಂದು ನಿಂತರು. ಮೊದಲ ವಾರ ಬೆನ್ನಿಗೆ ಬೆನ್ನು. ಮೂರನೇ ವಾರಕ್ಕೆ ಒಂದೇ ಬೆಂಕಿಪೊಟ್ಟಣ ಆಚೆಯಿಂದ ಈಚೆಗೆ ಓಡಾಡುತ್ತಿತ್ತು. ನೀನು ಹೇಳಿದ ಹಾಗೇ ಆಯಿತಲ್ಲ ಅಂತ ಶೆಡ್ಡಿನಲ್ಲಿ ಎಲ್ಲರ ಮುಂದೆ ಎದೆ ಉಬ್ಬಿಸಿಕೊಂಡು ಓಡಾಡಿದೆ. ನಮ್ಮ ಪುಟ್ಟಿಯ ಬುದ್ಧಿ ಅಂದೆ. ಬುದ್ಧಿ ಬಂದದ್ದು ಮಾವನ ಕಡೆಯಿಂದ ಅಂತಲೂ ಸೇರಿಸಿದೆ, ಅದು ಬೇರೆ ವಿಷಯ.

ಆಮೇಲೆ ನಮ್ಮ ದೊಡ್ಡ ಸಾಹೇಬರಿಗೆ ನಮ್ಮ ನೆಲ ಅವರಿಗಿಂತ ಒಂದು ಅಡಿ ಎತ್ತರ ಇರಬೇಕು ಅನ್ನಿಸಿತು. ನೀನು ಸಹಿ ಹಾಕಿದೆ. "ಒಂದು ಅಡಿ ತಾನೇ ಮಾವ, ಇಳಿಜಾರು ಮಾಡಿಕೊಳ್ಳಿ" ಅಂತ ಫೋನಿನಲ್ಲಿ ಅಂದೆ, ಯಾವುದೋ ಅಂಗಡಿ ಮಳಿಗೆಯ ನಕ್ಷೆಗೆ ಹೊರಟುಹೋದೆ. ಅವತ್ತಿನಿಂದ ನಿನ್ನ ಫೋನು ಬರೀ ಹಾಡು ಹಾಡುತ್ತದೆ, ನೀನು ಎತ್ತೋದಿಲ್ಲ. ನಿನ್ನ ಒಂದು ಅಡಿಯ ಕತೆ ಕೇಳು. ನಾವು ಒಂದು ಏರಿಸಿದ್ದು ನೋಡಿ ಅವರು ಒಂದೂವರೆ ಏರಿಸಿದರು. ನಾವು ಎರಡೂವರೆ. ಅವರು ಮೂರು. ನಾವೀಗ ನಾಲ್ಕು. ಸೂರು ಮಾತ್ರ ಇದ್ದಲ್ಲೇ ಇದೆ ಕಣೇ, ಅದನ್ನು ಯಾರು ಏರಿಸುತ್ತಾರೆ? ಹನ್ನೊಂದು ಅಡಿ ಇದ್ದ ಜಾಗದಲ್ಲಿ ಏಳು ಉಳಿದಿದೆ, ತೊಲೆಯ ಕೆಳಗೆ ಐದೂವರೆ. ಫ್ಯಾನು ಬಿಚ್ಚಿಸಿದ್ದಾಯಿತು. ಹೋದ ಸೋಮವಾರ ಸಾಹೇಬರು ಎದೆ ಸೆಟೆಸಿಕೊಂಡು ಒಳಗೆ ಬಂದರು, ಹಣೆ ತೊಲೆಗೆ ಹೊಡೆದು ಟೋಪಿ ಆಚೆ ದೇಶಕ್ಕೆ ಹಾರಿತು. ಆಚೆಯ ಸಾಹೇಬ ಅದನ್ನು ಎತ್ತಿಕೊಡೋಕೆ ನಮ್ಮ ದಿಬ್ಬಕ್ಕೆ ಹತ್ತಿದವನು, ತನ್ನ ಹಣೆಯನ್ನೂ ಅದೇ ತೊಲೆಗೆ ಗುದ್ದಿಸಿಕೊಂಡ. ಎರಡು ದೇಶದ ಗೌರವ ಹಣೆ ಉಜ್ಜಿಕೊಳ್ಳುತ್ತಾ ಅಲ್ಲೇ ನಿಂತಿತ್ತು. ನಗು ಬಂತು, ನಗಲಿಲ್ಲ. ಕಾವಲಿನವರ ಬೆಂಕಿಪೊಟ್ಟಣದ ವ್ಯವಹಾರವೂ ನಿಂತಿದೆ. ಒಬ್ಬನ ಬೂಟು ಇನ್ನೊಬ್ಬನ ಮಂಡಿಗೆ ಬಂದರೆ ಸ್ನೇಹ ಎಲ್ಲಿಂದ ಬರಬೇಕು? ಈಗ ಮತ್ತೆ ಗದರೋದು, ಗುರಾಯಿಸೋದು.

ಬೆಂಚು ಎಲ್ಲಿ ಅಂತ ಕೇಳಬೇಡ. ಹೂತಿದ್ದೇವೆ. ಒಡೆಯೋಣ ಅಂದರೆ ಅರ್ಧ ಅವರದು, ಕೈ ಹಚ್ಚುವ ಹಾಗಿಲ್ಲ. ಗೆರೆಯ ಹತ್ತಿರ ಯಾರೂ ಮಣ್ಣು ಹಾಕಬಾರದಂತೆ, ಅಲ್ಲಿ ಎರಡು ಗೇಣು ಸಂದಿ ಬಿಟ್ಟಿದ್ದಾರೆ. ಬಗ್ಗಿ ನೋಡಿದರೆ ನಿನ್ನ ಬೆಂಚಿನ ಎರಡು ಗೇಣು ಮಾತ್ರ ಕೆಳಗೆ ಕಾಣುತ್ತದೆ.

ಹೋದ ತಿಂಗಳು ಇಪ್ಪತ್ತರಂದು ಅಕ್ಕ ಬಂದಳು, ಕೈಯಲ್ಲಿ ಪಾಸು, ಹಿಂದೆ ಕುರ್ಚಿ ತಳ್ಳಿಕೊಂಡು ಮಗ. ಎದುರಿಗೆ ಆರು ಮೆಟ್ಟಿಲು. ಕಾವಲಿನವರಿಬ್ಬರು ಎತ್ತೋಕೆ ಬಂದರು. "ಮೂಟೆ ಅಂದುಕೊಂಡ್ರಾ? ಕೈ ತೆಗೀರಿ" ಅಂದಳು, ಅವಳ ಬಾಯಿ ನಿನಗೆ ಗೊತ್ತಲ್ಲ. ಹೊರಗೆ ಬಿಸಿಲಲ್ಲೇ ಕೂತಳು. ನಾನು ನಾಲ್ಕು ಅಡಿ ಎತ್ತರದಲ್ಲಿ, ನಾನೇ ಕಟ್ಟಿದ ದಿಬ್ಬದ ಮೇಲೆ ನಿಂತು ಕೂಗಿ ಕೂಗಿ ಆರೋಗ್ಯ ವಿಚಾರಿಸಿದೆ. ಅವಳು ಕತ್ತೆತ್ತಿ ನೋಡಿ, "ಏನೋ, ಯಾವಾಗಿನಿಂದ ಅಕ್ಕನ ಹತ್ತಿರ ಮೇಲೆ ನಿಂತು ಮಾತಾಡೋದು ಕಲಿತೆ?" ಅಂದಳು. ತಂತಿಬೇಲಿಯೇ ವಾಸಿಯಾಗಿತ್ತು ಪುಟ್ಟಿ, ಅಲ್ಲಿ ಮುಖವಾದರೂ ಸಮಕ್ಕೆ ಇತ್ತು. ಆ ಮಾತು ನನಗೆ ಬಿದ್ದದ್ದು, ಅರ್ಧ ನಿನ್ನ ಪಾಲಿನದು. ತೆಗೆದುಕೋ.

ಸಿಟ್ಟಿನಲ್ಲಿ ಬರೆದಿದ್ದೇನೆ, ಒಂದಕ್ಷರವನ್ನೂ ಹಿಂದಕ್ಕೆ ತಗೊಳ್ಳೋದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು, ಕಣ್ಣಿಗೆ ತಣ್ಣೀರು ಹಾಕು, ನೂರು ವರ್ಷ ಬಾಳು.

ಇತಿ,
ನಿನ್ನ ಮೇಲೆ ಮುನಿದಿರುವ
ಮೇಸ್ತ್ರಿ ಮಾವ

ಮರೆತಿದ್ದೆ: ಹದಿನೆಂಟಕ್ಕೆ ಎರಡೂ ಕಡೆ ಮೇಲೆ ಕಾಂಕ್ರೀಟು ಹಾಕುತ್ತಾರೆ, ಆಮೇಲೆ ತೆಗೆಯೋದು ಯಾರಿಂದಲೂ ಆಗದು. ಅಕ್ಕನ ಮುಂದಿನ ಪಾಸು ಈ ತಿಂಗಳು ಇಪ್ಪತ್ತಕ್ಕೆ. ಇಲ್ಲಿಯವರೆಗೆ "ಮರಳು ಕೂರಬೇಕು ಸಾಹೇಬ್ರೆ" ಅಂತ ಸುಳ್ಳು ಹೇಳಿ ಒಂದು ಹಿಡಿ ಸಿಮೆಂಟೂ ಹಾಕಿಲ್ಲ. ಏರಿಸಿದ್ದೆಲ್ಲ ಬರೀ ಮರಳು, ಅಂಚಿಗೆ ಒಣ ಇಟ್ಟಿಗೆ. ನಿನ್ನ ನೆಲಕ್ಕೂ ಬೆಂಚಿಗೂ ನೀಲಿ ಪ್ಲಾಸ್ಟಿಕ್ ಹೊದಿಸಿಯೇ ಮುಚ್ಚಿದ್ದು, ಒಂದು ಗೀರೂ ಬಿದ್ದಿಲ್ಲ. ಸಾಹೇಬರಿಗೂ ಹಣೆ ನೋಯುತ್ತಿದೆ, ಇಳಿಯೋಕೆ ಒಂದು ನೆಪ ಸಾಕು. ತಲೆಗೆ ಜಾಗ ಸಾಲದು, ಮೊದಲಿನ ನಕ್ಷೆಯ ಹಾಗೇ ಇರಲಿ ಅಂತ ಸಹಿ ಹಾಕಿ ಎರಡು ಕಾಗದ ಕಳಿಸು, ಒಂದು ನಮಗೆ, ಒಂದು ಅವರಿಗೆ. ಅವರಿಗೆ ಯಾಕೆ ಅಂದರೆ, ಇಷ್ಟು ಕಿತಾಪತಿ ಮಾಡೋ ತಲೆ ನನಗೊಬ್ಬನಿಗೇ ಅಂದುಕೊಂಡಿದ್ದೆ. ನಿನ್ನೆ ಸಂದಿಯಲ್ಲಿ ಬಗ್ಗಿ ನೋಡಿದೆ. ಆಚೆ ಮೇಸ್ತ್ರಿಯ ಒಣ ಇಟ್ಟಿಗೆಯ ಕೆಳಗಿನಿಂದಲೂ ನೀಲಿ ಪ್ಲಾಸ್ಟಿಕ್ಕಿನ ಅಂಚು ಇಣುಕುತ್ತಿತ್ತು.